ಸವಾಲಿನಿಂದ ಎದ್ದು ಹೋದ ರೇಡಿಯೋ

ಹಾವಿಗೆ, ಪೊಲೀಸರಿಗೆ, ಹಲ್ಲಿನ ಡಾಕ್ಟರಿಗೆ ಹೆದರುವವರನ್ನು ಲೋಕ ಅರ್ಥ ಮಾಡಿಕೊಳ್ಳುತ್ತದೆ. ನಾನು ಇಕ್ಕಳಕ್ಕೆ ಹೆದರುತ್ತೇನೆ ಎಂದರೆ ಮಾತ್ರ ಜನ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಮಾತು ಬದಲಿಸುತ್ತಾರೆ. ಬಿ.ಎ. ಓದಿ, ಹೊನ್ನಾವರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ದಿನವೂ ಕುಮಟಾದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಧೈರ್ಯವಿರುವವನು ಒಂದು ಬಡ ಇಕ್ಕಳಕ್ಕೆ ಹೆದರುವುದೆಂದರೇನು ಎಂದು ನನ್ನ ಹೆಂಡತಿ ಜಯಾಳೂ ಕೇಳುತ್ತಾಳೆ. ಅವಳು ಆ ದಿನ ಭಟ್ಕಳಕ್ಕೆ ಬಂದಿರಲಿಲ್ಲ. ನಾನಿದ್ದೆ. ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದೆ. ಇಂದಿಗೂ ಊಟ ಮಾಡುತ್ತಿರುವಾಗ, ಹಲ್ಲುಜ್ಜುತ್ತಿರುವಾಗ, ಕಚೇರಿಯಲ್ಲಿ ಸಾಹೇಬರು ಬೈಯುತ್ತಿರುವಾಗ ಆ ಇಕ್ಕಳ ಬಾಯಿ ತೆರೆದುಕೊಂಡು ನನ್ನ ಕಣ್ಣ ಮುಂದೆ ಬರುತ್ತದೆ. ಸಾಹೇಬರು ನಾನು ಅವರಿಗೇ ಹೆದರಿದೆನೆಂದು ತಿಳಿದು ಸಂತೋಷಪಡುತ್ತಾರೆ.

ಇದೆಲ್ಲ ಶುರುವಾದದ್ದು ದೊಡ್ಡಾಯಿಯ ರೇಡಿಯೋ ಕೆಟ್ಟಾಗ. ದೊಡ್ಡಾಯಿ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ನನ್ನನ್ನು ಎತ್ತಿ ಆಡಿಸಿದವಳು, ಕುಮಟಾದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವಳ ಕಣ್ಣಿನ ಬೆಳಕು ಹೋಗಿ ಬಹಳ ವರ್ಷಗಳಾದವು. ಅಂದಿನಿಂದ ಮರದ ಪೆಟ್ಟಿಗೆಯ ಆ ಹಳೆಯ ರೇಡಿಯೋವೇ ಅವಳ ಕಣ್ಣು. ಅದಕ್ಕೆ ತೆಂಗಿನ ಚಿಪ್ಪಿನಷ್ಟು ದಪ್ಪದ ಎರಡು ತಿರುಗಣಿಗಳು. ಎಡದ್ದು ಸದ್ದಿಗೆ, ಬಲದ್ದು ಕೇಂದ್ರ ಹುಡುಕುವುದಕ್ಕೆ. ಬಲದ್ದನ್ನು ಹಿಡಿದಳೆಂದರೆ ಧಾರವಾಡ ಎಲ್ಲಿ, ಮಂಗಳೂರು ಎಲ್ಲಿ ಎಂಬುದು ಅವಳ ಬೆರಳಿಗೇ ಗೊತ್ತು. ಒಂದು ದಿನ ಅದು ಗೊರ ಗೊರ ಎಂದು, ಸುಟ್ಟ ವಾಸನೆ ಬಿಟ್ಟು, ಸುಮ್ಮನಾಯಿತು. ರಿಪೇರಿಯವನು ಒಳಗೆ ಇಣುಕಿ, "ಇದ್ರ ಸಾಮಾನು ಈಗ ಹುಟ್ಟುದೇ ಇಲ್ಲ" ಎಂದು ಕೈಮುಗಿದ.

ರೇಡಿಯೋ ಸುಮ್ಮನಾದರೆ ಮನೆ ಸುಮ್ಮನಾಗುತ್ತದೆ ಎಂದು ನೀವು ತಿಳಿದಿರಬಹುದು. ಇಲ್ಲ. ಅಷ್ಟು ದಿನ ದೇಶವಿದೇಶದ ಕಡೆಗಿದ್ದ ದೊಡ್ಡಾಯಿಯ ಗಮನವೆಲ್ಲ ಒಮ್ಮೆಲೇ ನಮ್ಮ ಮನೆಯ ಮೇಲೆ ಬಿತ್ತು. "ಜಯಾ, ಸಾರಿಗೆ ಇನ್ನೂ ಒಗ್ಗರಣೆ ಬಿದ್ದಿದ್ದಿಲ್ಲೆ." "ತಮಾ, ನಿನ್ನ ಎಡಗಾಲಿನ ಚಪ್ಪಲಿ ಸವೆದು ಹೋಯ್ದು, ಸದ್ದಲ್ಲೇ ಗೊತ್ತಾಗ್ತು." ನಾನು ಕದ್ದು ಡಬ್ಬಿಯಿಂದ ಚಕ್ಕುಲಿ ತೆಗೆದರೆ ಎಷ್ಟು ತೆಗೆದೆನೆಂಬುದೂ ಒಳಗಿನಿಂದ ಬಿತ್ತರವಾಗುತ್ತಿತ್ತು. ನಾನು ಹೊಸ ರೇಡಿಯೋ ತಂದೆ. ಅಂಗೈಯಲ್ಲಿ ಅಡಗುವಂಥದ್ದು, ಮೈತುಂಬ ಗುಂಡಿಗಳು. ದೊಡ್ಡಾಯಿ ಯಾವುದೋ ಗುಂಡಿ ಒತ್ತಿ ಬಹಳ ಹೊತ್ತು ಭಕ್ತಿಯಿಂದ ಕೇಳುತ್ತ ಕೂತಳು. ಆಮೇಲೆ, "ಇಂದು ಸಂಸ್ಕೃತ ವಾರ್ತೆ ಓದವಂಗೆ ಗಂಟಲು ಸರಿ ಇಲ್ಲೆ ಕಾಣ್ತು" ಎಂದಳು. ನಾನು ಹೋಗಿ ಕೇಳಿದೆ. ಯಾವುದೋ ಚೀನಾ ಕೇಂದ್ರ.

ನಾವು ನಕ್ಕೆವು, ಅವಳೂ ನಕ್ಕಳು. ಆದರೆ ಸಂಜೆ ಹೊಸ ರೇಡಿಯೋವನ್ನು ನನ್ನ ಕೈಗೆ ವಾಪಸು ಕೊಡುತ್ತ, "ಯಂಗೆ ಇದು ಬ್ಯಾಡ ತಮಾ. ಬೆರಳಿಗೆ ಸಿಕ್ತಿಲ್ಲೆ" ಎಂದಳು. ಅದರಲ್ಲಿ ದೂರಿರಲಿಲ್ಲ. ಮರುದಿನದಿಂದ ನಮ್ಮ ಮನೆಯ ವಾರ್ತಾಪ್ರಸಾರವೂ ಕಡಿಮೆಯಾಯಿತು. ಒಗ್ಗರಣೆಯ ಬಗ್ಗೆ, ಚಪ್ಪಲಿಯ ಬಗ್ಗೆ ಮಾತಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಕೊಂಡು, ಹೊತ್ತು ಎಷ್ಟಾಯಿತೆಂದು ಮಾತ್ರ ಕೇಳುತ್ತಿದ್ದಳು. ಮೊದಲು ಹೊತ್ತನ್ನು ಅವಳೇ ನಮಗೆ ಹೇಳುತ್ತಿದ್ದವಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಬಸ್‌ಸ್ಟ್ಯಾಂಡಿನ ಎದುರು ವಸಂತ ಎಂಬವನು ಇಂಟರ್ನೆಟ್ಟಿನ ಅಂಗಡಿ ಇಟ್ಟಿದ್ದ. ಅವನಿಗೆ ಸಂಕಟ ಹೇಳಿಕೊಂಡಾಗ, "ಈಗ ಹಳೇ ಸಾಮಾನೆಲ್ಲ ಕಂಪ್ಯೂಟರಲ್ಲೇ ಹರಾಜಾಗ್ತದೆ ಸರ್" ಎಂದು ಒಂದು ಪುಟ ತೆರೆದ. ನಂಬುತ್ತೀರೋ ಇಲ್ಲವೋ, ಅಲ್ಲಿತ್ತು! ಅದೇ ಮರದ ಪೆಟ್ಟಿಗೆ, ಅದೇ ದಪ್ಪ ತಿರುಗಣಿಗಳು. ಊರು ಭಟ್ಕಳ. ಒಂದು ಬಸ್ಸಿನ ದಾರಿ. ಆದರೆ ಮಾರುವವನ ಹೆಸರು, ವಿಳಾಸ ಹರಾಜು ಮುಗಿದು ಗೆದ್ದವನಿಗೆ ಮಾತ್ರ. ಅಲ್ಲಿಯವರೆಗೆ ಎಲ್ಲರಿಗೂ ಕಳ್ಳರ ಹಾಗೆ ಗುಪ್ತನಾಮ. ಶುಕ್ರವಾರ ಮುಕ್ತಾಯ. ನಾನೊಂದು ಬೆಲೆ ಬರೆದೆ. ಅಷ್ಟರವರೆಗೆ ಅಲ್ಲಿದ್ದದ್ದು ಅದೊಂದೇ. ನಾನು ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಸುಮ್ಮನಿರಲಿಲ್ಲ. ಮರುದಿನ ಬಸ್ಸಿನಲ್ಲಿ ಸುಬ್ರಾಯನಿಗೆ ಹೇಳಿದೆ. ಸುಬ್ರಾಯ ನನ್ನ ಕಚೇರಿಯವನೇ, ಹಳದೀಪುರದಲ್ಲಿ ಬಸ್ಸು ಹತ್ತುತ್ತಾನೆ. ಊರ ದೇವಸ್ಥಾನದಲ್ಲಿ ಸವಾಲು ಕೂಗುವವನು ಅವನೇ. ನಮ್ಮ ಕಡೆ ಪೂಜೆ ಮುಗಿದ ಮೇಲೆ ದೇವರಿಗೆ ಬಂದ ಹಣ್ಣು, ತರಕಾರಿ, ತೆಂಗಿನಕಾಯಿಯನ್ನು ಅಂಗಳದಲ್ಲೇ ಹರಾಜು ಹಾಕುತ್ತಾರೆ. ಅದಕ್ಕೆ ಸವಾಲು ಎನ್ನುತ್ತೇವೆ. ಒಬ್ಬನಿಗೆ ಒಂದು ಕುಂಬಳಕಾಯಿಯ ಮೇಲೆ ಮನಸ್ಸಿದೆ ಎಂದು ಗೊತ್ತಾದರೆ ಅವನ ಸ್ನೇಹಿತರು ಸುಮ್ಮನಿರುವುದಿಲ್ಲ. ಬೇಕೆಂದೇ ಎದುರು ಕೂಗಿ ಬೆಲೆ ಏರಿಸಿ, ಸರಿಯಾದ ಹೊತ್ತಿಗೆ ಬಾಯಿ ಮುಚ್ಚುತ್ತಾರೆ. ದೇವರಿಗೂ ಲಾಭ, ಕುಂಬಳಕಾಯಿ ಗೆದ್ದವನಿಗೂ ಊರೆದುರು ಗೌರವ. ಎದುರು ಕೂಗುವವರೇ ಇಲ್ಲದೆ ಕುಂಬಳಕಾಯಿ ಪಡೆದವನನ್ನು, ಪಾಪ, ಯಾರೂ ಇಲ್ಲದವನು ಎಂದು ಜನ ಕನಿಕರದಿಂದ ನೋಡುತ್ತಾರೆ.

ನಾನು ಹೇಳಿದ್ದನ್ನೆಲ್ಲ ಸುಬ್ರಾಯ ಬಹಳ ಗಂಭೀರವಾಗಿ ಕೇಳಿಸಿಕೊಂಡ. "ಮತ್ಯಾರೂ ಕೂಗಲಿಲ್ವಾ? ನೀ ಒಬ್ನೇಯಾ?" ಎಂದು ಕೇಳಿದ. ಒಬ್ಬನೇ ಎಂದೆ ಹೆಮ್ಮೆಯಿಂದ. "ಛೇ" ಎಂದ. ಆ 'ಛೇ'ಯ ಅರ್ಥ ನನಗೆ ಆಗಬೇಕಿತ್ತು.

ಆ ಸಂಜೆಯಿಂದಲೇ ಶತ್ರುಗಳು ಹುಟ್ಟಿಕೊಂಡರು. ಒಬ್ಬನಲ್ಲ, ಮೂವರು. ನಾನು ಏರಿಸಿದರೆ ಒಬ್ಬ ಏರಿಸುವನು. ಅವನನ್ನು ದಾಟಿದರೆ ಇನ್ನೊಬ್ಬ. 'ಸಮುದ್ರರಾಜ' ಎಂಬ ಗುಪ್ತನಾಮದವನಂತೂ ನನ್ನ ರಕ್ತ ಕುಡಿದ. ಯಾರೋ ಮುಂಬಯಿಯ ಸಿರಿವಂತ, ಮನೆಯಲ್ಲಿ ಷೋಕಿಗೆ ಇಡಲು ಕೇಳುತ್ತಿದ್ದಾನೆ ಎಂದು ನಾನು ಅವನಿಗೆ ಶಾಪ ಹಾಕಿದೆ. ಬಸ್ಸಿನಲ್ಲಿ ಸುಬ್ರಾಯನೆದುರು ಬೈದುಕೊಂಡೆ. ಅವನು ಮುಗುಳ್ನಗುತ್ತ, "ಇರ್ಲಿ ಮಾರಾಯಾ, ಕೊನೀಗೆ ನಿಂಗೇ ಆಗ್ತದೆ" ಎಂದು ಬೆನ್ನು ತಟ್ಟಿದ. ಎಂಥ ಸ್ನೇಹಿತ ಎಂದುಕೊಂಡೆ.

ಕೊನೆಯ ದಿನ ಅರ್ಧ ರಜೆ ಹಾಕಿ ವಸಂತನ ಅಂಗಡಿಗೆ ಓಡಿದೆ. ಪುಟ ತೆರೆದುಕೊಂಡಿತು. ರೇಡಿಯೋ ಇರಬೇಕಾದ ಜಾಗದಲ್ಲಿ ಒಂದೇ ಸಾಲು: ಮಾರುವವರು ಈ ವಸ್ತುವನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಕಾರಣ, ವಿವರದಲ್ಲಿ ತಪ್ಪು.

"ಹಿಂದಕ್ಕೆ ತಗಳುದು ಅಂದ್ರೆ ಎಂತದು ವಸಂತ? ಸವಾಲು ಶುರುವಾದ ಮೇಲೆ?"

"ಮುಗಿಯೂ ಮುಂಚೆ ತಗೀಲಿಕ್ಕೆ ಅವ್ರಿಗೆ ಅಧಿಕಾರ ಉಂಟು ಸರ್. ಒಂದು ಕಾರಣ ಹೇಳ್ಬೇಕು, ಅಷ್ಟೇ."

ದೇವರ ಎದುರು ಕೂಗಿದ ಕುಂಬಳಕಾಯಿಯನ್ನು ಯಾರಾದರೂ ಬಗಲಲ್ಲಿಟ್ಟುಕೊಂಡು ಎದ್ದು ಹೋದದ್ದುಂಟೇ? ಮಾರಾಟಕ್ಕಿಟ್ಟದ್ದು ಹಿಂದಕ್ಕೆ ಹೋಗುವುದನ್ನು ನಾನು ಕಂಡದ್ದು ಮೀನುಪೇಟೆಯಲ್ಲಿ ಮಾತ್ರ. ಅಲ್ಲಿಯ ಹೆಂಗಸರು ಚೌಕಾಶಿ ಅತಿಯಾದರೆ ಬುಟ್ಟಿಯ ಮೇಲೆ ಬಟ್ಟೆ ಎಳೆದು, "ನಿಮ್ಗೆ ಕೊಡುದಿಲ್ಲ, ಹೋಗಿ" ಎನ್ನುತ್ತಾರೆ. ಅದಾದರೂ ಕಡಿಮೆ ಕೇಳಿದ್ದಕ್ಕೆ. ಇಲ್ಲಿ ಹೆಚ್ಚು ಕೇಳಿದ್ದಕ್ಕೆ ಬಟ್ಟೆ ಎಳೆದಿದ್ದರು! ಮನೆಗೆ ಹೋದಾಗ ದೊಡ್ಡಾಯಿ ಗೋಡೆಯ ಕಡೆಯಿಂದ ತಿರುಗದೆಯೇ, "ಆತನ ತಮಾ, ರೇಡಿಯೋದ ಕೆಲಸ?" ಎಂದಳು. ಇನ್ನೂ ಇಲ್ಲ ಎಂದೆ. "ಆಗ್ಲಿ, ಗಡಿಬಿಡಿ ಇಲ್ಲೆ" ಎಂದಳು. ಗಡಿಬಿಡಿ ಇತ್ತು.

ಮರುದಿನ ಸುಬ್ರಾಯ ಹಳದೀಪುರದಲ್ಲಿ ಬಸ್ಸು ಹತ್ತುತ್ತಲೇ ಕೈ ಎತ್ತಿ ಕೂಗಿದ: "ಹೆಂಗಾತು ನಮ್ಮ ಸವಾಲು? ಸಮುದ್ರರಾಜ ಕಡೀಗೆ ಬಾಯಿ ಮುಚ್ಚಿದ್ನಲ್ಲಾ?" ಸಮುದ್ರರಾಜ ನನ್ನ ಪಕ್ಕದಲ್ಲಿ ಬಂದು ಕೂತ. ಉಳಿದಿಬ್ಬರು ಶತ್ರುಗಳು ನಮ್ಮ ಕಚೇರಿಯ ಮುಂದಿನ ಮೇಜಿನವರು. ಮೂವರೂ ದಿನಾ ಸಂಜೆ ಹೊನ್ನಾವರದಲ್ಲಿ ಇಂಟರ್ನೆಟ್ಟಿನ ಅಂಗಡಿಗೆ ಹೋಗಿ ನನ್ನ ಗೌರವ ಹೆಚ್ಚಿಸುತ್ತಿದ್ದರಂತೆ. ನಾನು ಏನು ಹೇಳಿದೆನೋ ನೆನಪಿಲ್ಲ. ಕಂಡಕ್ಟರು ಬಂದು, "ಬೈಯೂದಾದ್ರೆ ಇಳ್ದು ಬೈರಿ" ಎಂದದ್ದು ನೆನಪಿದೆ. ಸುಬ್ರಾಯನ ಮುಖ ಇಳಿದುಹೋಯಿತು. "ಒಬ್ನೇ ಕೂಗ್ದ್ರೆ ನಿಂಗೇ ಅವಮಾನ ಅಂತ ಮಾಡ್ದೆ ಮಾರಾಯಾ. ದೊಡ್ಡಾಯಿಗೆ ನಾ ಎಂತ ಹೇಳ್ಲಿ ಈಗ?" ಎಂದ. ಸಿಟ್ಟು ಅರ್ಧ ಇಳಿಯಿತು. ಅರ್ಧ ಇಂದಿಗೂ ಇದೆ.

ಆ ಪುಟದಲ್ಲಿ ಮಾರುವವರಿಗೆ ಪ್ರಶ್ನೆ ಕೇಳುವ ಒಂದು ಕಿಂಡಿ ಇತ್ತು. ಅದರಲ್ಲಿ ನಾನು, ಕಣ್ಣು ಕಾಣದ ದೊಡ್ಡಾಯಿಗಾಗಿ ಈ ರೇಡಿಯೋ ಬೇಕು, ದಯವಿಟ್ಟು ಒಮ್ಮೆ ಭೇಟಿಗೆ ಅವಕಾಶ ಕೊಡಿ ಎಂದು ಬರೆದೆ. ಉತ್ತರ ಬಂತು. ಭಟ್ಕಳದ ಇಕ್ಬಾಲ್ ಭಾಯಿ ಎಂಬವರು, ದುಬೈಯಿಂದ ನಿವೃತ್ತರಾಗಿ ಬಂದವರು. ಭಾನುವಾರ ಬನ್ನಿ ಎಂದರು. ಹೊರಡುವಾಗ ದೊಡ್ಡಾಯಿ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ಮುಟ್ಟದ್ದೆ ಹ್ಯಾಂಗೆ ತಗಂಬುದು? ಆನೂ ಬತ್ತೆ." ಹಳದೀಪುರದಲ್ಲಿ ಸುಬ್ರಾಯನೂ ಪ್ರಾಯಶ್ಚಿತ್ತಕ್ಕೆಂದು ಹತ್ತಿಕೊಂಡ.

ಇಕ್ಬಾಲ್ ಭಾಯಿಯ ಮನೆಯ ಬಾಗಿಲು ತೆರೆದೇ ಇತ್ತು. ನಾನು ಮುಂದೆ, ನನ್ನ ಭುಜ ಹಿಡಿದು ದೊಡ್ಡಾಯಿ, ಹಿಂದೆ ಸುಬ್ರಾಯ. ಒಳಗೆ ಮೇಜಿನ ಮೇಲೆ ರೇಡಿಯೋ ಬೋರಲಾಗಿ ಮಲಗಿತ್ತು. ಹಿಂದಿನ ಹಲಗೆ ಬಿಚ್ಚಿತ್ತು. ಕನ್ನಡಕ ಮೂಗಿನ ತುದಿಗಿಳಿಸಿಕೊಂಡ ಇಕ್ಬಾಲ್ ಭಾಯಿ ಇಕ್ಕಳದ ಬಾಯನ್ನು ತೆರೆದು, ಒಳಗಿನ ತಾಮ್ರದ ಸುರುಳಿಯೊಂದನ್ನು ಕಚ್ಚಿಸಿ ಹಿಡಿದು, ಇನ್ನೇನು ಎಳೆಯಬೇಕು. ನಮ್ಮಲ್ಲಿ ಸುಟ್ಟುಹೋದದ್ದು ಅಂಥದೇ ಸುರುಳಿ. ನನ್ನ ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ. ದೊಡ್ಡಾಯಿ ಮಾತ್ರ ಏನೂ ಅರಿಯದೆ, "ಬಂತನ ಮನೆ?" ಎಂದು ಕೇಳುತ್ತಿದ್ದಳು. ಆಗ ನನ್ನ ಹಿಂದಿನಿಂದ ದೇವಸ್ಥಾನದ ಅಂಗಳವನ್ನೆಲ್ಲ ತುಂಬುವ ಆ ಕಂಠ ಸಿಡಿಯಿತು: "ಕೈ ತೆಗೀರೀಽಽ!"

ಇಕ್ಕಳ ಕೆಳಗೆ ಬಿತ್ತು. ಕನ್ನಡಕವೂ ಬಿತ್ತು.

ಉಸಿರು ಬಂದ ಮೇಲೆ ಇಕ್ಬಾಲ್ ಭಾಯಿ ಎಲ್ಲವನ್ನೂ ಹೇಳಿದರು. ಹಳೆಯ ರೇಡಿಯೋಗಳೊಳಗೆ ಕೆಂಪು ಪಾದರಸ ಇರುತ್ತದೆ, ಅದಕ್ಕೆ ಚಿನ್ನಕ್ಕಿಂತ ಬೆಲೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಅವರು ನಂಬಿರಲಿಲ್ಲ. "ಆದ್ರೆ ಸಾಹೇಬ್ರೆ, ಮೂಲೇಲಿ ಬಿದ್ದಿದ್ದ ಪೆಟ್ಟಿಗೆಗೆ ನಾಕ್ ಜನ ಹೊಡ್ದಾಡ್ತಾರೆ ಅಂದ್ರೆ ಒಳಗೆ ಎಂತದೋ ಉಂಟು ಅಂತ ಆಯ್ತಲ್ಲ! ಅದ್ಕೇ ಹಿಂದೆ ತಗೊಂಡೆ."

"ದೊಡ್ಡಾಯಿಗೆ ಅಂತ ನಾನು ಬರೆದಿದ್ದೆನಲ್ಲ?"

"ಹೌದು. ಅದನ್ನ ಓದಿದ್ ಮೇಲೆ ಸಂಶಯ ಇನ್ನೂ ಜಾಸ್ತಿ ಆಯ್ತು. ಅಷ್ಟು ಒಳ್ಳೇ ಕಾರಣ ಯಾರು ಹೇಳ್ತಾರೆ?"

ಹಲಗೆ ಕೂರಿಸಿ, ಪೆಟ್ಟಿಗೆ ಎತ್ತಿ ನಿಲ್ಲಿಸಿದರು. ದೊಡ್ಡಾಯಿಯ ಕೈ ಗಾಳಿಯಲ್ಲಿ ಒಮ್ಮೆ ತಡಕಾಡಿ ಮರಕ್ಕೆ ತಾಗಿತು. ಆಮೇಲೆ ತಡಕಾಟವಿಲ್ಲ. ಎಡ ತಿರುಗಣಿ, ಬಲ ತಿರುಗಣಿ. ಪೆಟ್ಟಿಗೆ ಬೆಚ್ಚಗಾಗುವವರೆಗೆ ಕಾದೆವು. ಒಂದು ಗುಂಯ್, ಒಂದು ಸಿಳ್ಳು, ಅವಳ ಬೆರಳು ಒಂದಿಷ್ಟು ಸರಿಯಿತು. ಧಾರವಾಡ! ಯಾರೋ ಮೆಣಸಿನ ಬಳ್ಳಿಯ ರೋಗದ ಬಗ್ಗೆ ಮಾತಾಡುತ್ತಿದ್ದರು. ದೊಡ್ಡಾಯಿ ಅದನ್ನು ಸಂಗೀತ ಕಛೇರಿಯ ಹಾಗೆ ತಲೆದೂಗುತ್ತ ಕೇಳಿದಳು. ಇಕ್ಬಾಲ್ ಭಾಯಿ ತಟ್ಟೆಯಲ್ಲಿಟ್ಟ ಖರ್ಜೂರವನ್ನೂ ಹಾಗೆಯೇ ತಿಂದಳು.

"ಇಷ್ಟು ಚೆಂದ ಮಾತಾಡ್ತದಾ ಇದು?" ಎಂದರು ಇಕ್ಬಾಲ್ ಭಾಯಿ ಮೆಲ್ಲಗೆ, ಪೆಟ್ಟಿಗೆಯನ್ನು ಹೊಸದಾಗಿ ನೋಡುತ್ತ. ಮತ್ತೆ ಹಿಂದೆ ತೆಗೆದುಕೊಳ್ಳುವ ಲಕ್ಷಣ! ಸುಬ್ರಾಯ ತಡಮಾಡಲಿಲ್ಲ. ನಾನು ಮೊಟ್ಟಮೊದಲು ಬರೆದಿದ್ದ ಬೆಲೆಯನ್ನೇ ಕೂಗಿ, "ಒಂದ್ಸಲ, ಎಯ್ಡ್ ಸಲ, ಮೂರ್ ಸಲ!" ಎಂದು ಮೇಜು ಕುಟ್ಟಿಯೇ ಬಿಟ್ಟ. ಇಕ್ಬಾಲ್ ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಆಯ್ತು ಮಾರಾಯ್ರೆ, ಅಮ್ಮನಿಗೇ ಆಯ್ತು" ಎಂದರು. ಬಸ್‌ಸ್ಟ್ಯಾಂಡಿನವರೆಗೆ ರೇಡಿಯೋವನ್ನು ಅವರೇ ಹೊತ್ತು ತಂದರು.

ಈಗ ಹೊತ್ತು ಎಷ್ಟಾಯಿತೆಂದು ದೊಡ್ಡಾಯಿಯೇ ನಮಗೆ ಹೇಳುತ್ತಾಳೆ. ಕೆಟ್ಟುಹೋದದ್ದನ್ನು ಅದರ ಜಾಗದಿಂದ ತೆಗೆಯಲು ಅವಳು ಬಿಡದ್ದರಿಂದ ಈ ರೇಡಿಯೋ ಇಡಲು ಅವಳ ಮಂಚದ ಪಕ್ಕದ ಸ್ಟೂಲು ಬೇಕಾಯಿತು. ಅದರ ಮೇಲಿದ್ದ ಹಳೆಯ ಟೇಬಲ್ ಫ್ಯಾನಿಗೆ ಜಾಗವಿಲ್ಲದೆ ಹೋಯಿತು. ಮಾರಿಬಿಡಿ ಎಂದಳು ಜಯಾ. ವಸಂತನ ಅಂಗಡಿಗೆ ಹೋಗಿ ಅದೇ ಪುಟದಲ್ಲಿ ಹರಾಜಿಗೆ ಹಾಕಿದೆ. ಕೂಗಿದವರ ಊರು ಮಾರುವವನಿಗೆ ಮಾತ್ರ ಕಾಣುತ್ತದಂತೆ. ಮರುದಿನ ಉಡುಪಿಯಿಂದ ಒಬ್ಬ ಬೆಲೆ ಕೂಗಿದ. ಸಂತೋಷವಾಯಿತು. ಅದರ ಮರುದಿನ ಶಿವಮೊಗ್ಗದವನೊಬ್ಬ ಅದಕ್ಕಿಂತ ಹೆಚ್ಚು ಕೂಗಿದ. ಸುಬ್ರಾಯನನ್ನು ಕೇಳಿದೆ, ದೇವರ ಮೇಲೆ ಆಣೆ ಹಾಕಿ ತಾನಲ್ಲ ಎಂದ.

"ಹಿಂದೆ ತೆಗೆದುಕೊಂಡೆ" ಎಂದು ಮನೆಗೆ ಬಂದು ಹೇಳಿದಾಗ ಜಯಾ ಸೌಟು ಹಿಡಿದು ಹೊರಗೆ ಬಂದಳು. "ಆ ಫ್ಯಾನಲ್ಲಿ ಎಂತ ಇರ್ತು ಹೇಳಿ?"

"ಎಂತೂ ಇಲ್ಲೆ, ನಂಗೊತ್ತಿದ್ದು" ಎಂದೆ. "ಆದ್ರೆ ಆ ಶಿವಮೊಗ್ಗದವಂಗೆ ಎಂತ ಗೊತ್ತಿದ್ದೋ!"

ಇದನ್ನು ನಾನು ಆ ಫ್ಯಾನಿನ ಎದುರು ಕೂತೇ ಬರೆಯುತ್ತಿದ್ದೇನೆ. ಅದು ಕಿರ್ರೆಂದು ಕತ್ತು ತಿರುಗಿಸಿ ಗೋಡೆಗೆ ಗಾಳಿ ಹಾಕುತ್ತದೆ, ಕಿಟಕಿಗೆ ಹಾಕುತ್ತದೆ. ನನ್ನ ಕಡೆಗೆ ಬರುವ ಮೊದಲೇ ಹಿಂದಕ್ಕೆ ಹೋಗುತ್ತದೆ.