ಆಂಬ್ರೋಸ್ ಮೇಷ್ಟ್ರ ಮೊದಲ ಕಛೇರಿ

ಆ ಭಾನುವಾರದ ಅವಾಂತರಕ್ಕೆಲ್ಲ ಕಾರಣ ಬೆರಳುದ್ದದ ಒಂದು ರೀಡ್. ಸ್ಯಾಕ್ಸೊಫೋನಿನ ಬಾಯಿಗೆ ಬಿಗಿಯುವ ಆ ತೆಳು ಪಟ್ಟಿ ಬೆಳಿಗ್ಗೆ ಸೀಳಿಹೋಯಿತು. ಹೊಸ ರೀಡ್ ಹೊಸ ಚಪ್ಪಲಿಯ ಹಾಗೆ. ಸ್ವಲ್ಪ ಪಳಗಿಸದೆ ಹೊಂದಿಕೊಳ್ಳುವುದಿಲ್ಲ.

ಬೇರೆ ದಿನವಾಗಿದ್ದರೆ ಆಂಬ್ರೋಸ್ ಗಿಡ್ರಿ ಮೇಷ್ಟ್ರು ಚಿಂತಿಸುತ್ತಿರಲಿಲ್ಲ. ನ್ಯೂ ಆರ್ಲಿಯನ್ಸಿನ ಟ್ರೆಮೆ ಬಡಾವಣೆಯ ಶಾಲೆಯಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಜಾಜ್ ಕಲಿಸಿದವರು ಅವರು. ಮಕ್ಕಳು ಊದಿದರು, ಅವರು ಕೇಳಿದರು. ಎಲ್ಲಾದರೂ ನುಡಿಸಲು ಕರೆ ಬಂದರೂ ಯಾರದೋ ಬ್ಯಾಂಡಿನ ಹಿಂದಿನ ಸಾಲಿನ ಕುರ್ಚಿಯೇ ಗತಿ. ನಿವೃತ್ತರಾದ ಮೇಲೆ ಇಂದು, ಮೊತ್ತಮೊದಲ ಸಲ, ಅವರದೇ ಹೆಸರಿನ ಕಛೇರಿ. ಅವರು ನುಡಿಸುವುದು, ಊರು ಕೇಳುವುದು. ಈ ಮುದಿ ವಯಸ್ಸಿನಲ್ಲಿ ಅವರಿಗೆ ಉಳಿದಿದ್ದ ಆಸೆ ಅದೊಂದೇ.

ಸಭಾಂಗಣ ನಡೆದುಹೋಗುವಷ್ಟೇ ದೂರ. ದಾರಿಯಲ್ಲೇ ರೀಡ್ ಪಳಗಲೆಂದು, ಕಪ್ಪು ಸೂಟು ತೊಟ್ಟು ಊದುತ್ತಾ ಹೊರಟರು. ಹೊಸ ರೀಡಿಗೆ ನಿಧಾನದ ಸ್ವರಗಳೇ ಹಿತವೆಂದು ಹಳೆಯ ಚರ್ಚ್ ಹಾಡೊಂದನ್ನು ಎಳೆದೆಳೆದು ನುಡಿಸಿದರು.

ಕಪ್ಪು ಸೂಟಿನವನೊಬ್ಬ ಆ ಹಾಡು ನುಡಿಸುತ್ತಾ ಬೀದಿಯಲ್ಲಿ ಬಂದರೆ ಆ ಊರಿನಲ್ಲಿ ಅರ್ಥ ಒಂದೇ: ಶವಯಾತ್ರೆ.

ಜಗಲಿಯಲ್ಲಿ ಕೆಂಪು ಬೀನ್ಸ್ ಕಾಳು ಆರಿಸುತ್ತಿದ್ದ ಪಕ್ಕದ ಮನೆಯ ಒಡೀಲಜ್ಜಿ ಬಟ್ಟಲು ಕೆಳಗಿಟ್ಟರು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕೊಡೆ ಬಿಚ್ಚಿ ಮೇಷ್ಟ್ರ ಹಿಂದೆ ಬಂದೇಬಿಟ್ಟರು.

"ಯಾರಪ್ಪಾ ಹೋದೋರು, ಆಂಬ್ರೋಸ್?"

ಮೇಷ್ಟ್ರ ಬಾಯಿಯಲ್ಲಿ ವಾದ್ಯವಿತ್ತು. ಯಾರೂ ಇಲ್ಲವೆಂದು ತಲೆಯಾಡಿಸಿದರು.

"ಪಾಪ, ಬಾಯಿಬಿಟ್ಟು ಹೇಳೋಕೂ ಆಗ್ತಿಲ್ಲ," ಎಂದು ಅಜ್ಜಿ ಅವರ ಬೆನ್ನು ಸವರಿದರು.

ಮೇಷ್ಟ್ರು ವಾದ್ಯ ಕೆಳಗಿಳಿಸಿದರು. "ಅಜ್ಜಿ, ಅದು ಹಾಗಲ್ಲ..."

"ನಿಲ್ಲಿಸ್ಬೇಡ! ಹಾಡು ಅರ್ಧ ದಾರೀಲಿ ನಿಂತ್ರೆ ಸತ್ತೋರು ದಾರಿ ತಪ್ತಾರೆ. ನಿಂಗೂ ನಾನೇ ಹೇಳ್ಕೊಡ್ಬೇಕಾ?"

ಬೇಕಿರಲಿಲ್ಲ. ವರ್ಷ ವರ್ಷ ಮಕ್ಕಳಿಗೆ ಆ ಪಾಠ ಹೇಳಿಕೊಟ್ಟವರು ಅವರೇ. ಅಜ್ಜಿಯ ಒದ್ದೆ ಕಣ್ಣು ನೋಡಿ ಮತ್ತೆ ಊದತೊಡಗಿದರು.

ಕ್ಷೌರದಂಗಡಿಯಿಂದ ಅದರ ಒಡತಿ, ಮೇಷ್ಟ್ರ ಹಳೆಯ ಶಿಷ್ಯೆ ಡೆಲ್ಫಿನ್ ತನ್ನ ಟ್ರೊಂಬೋನ್ ವಾದ್ಯ ಹಿಡಿದು ಓಡಿಬಂದಳು. ಅರ್ಧ ಗಡ್ಡ ಹೋದ ಅವಳ ಗಿರಾಕಿಯೂ ಹಿಂದೆಯೇ ಬಂದ.

"ಒಬ್ರೇ ನುಡಿಸ್ತಾ ಇದೀರಲ್ಲ ಸರ್! ನಿಮ್ ಶಿಷ್ಯರು ನಾವೆಲ್ಲಾ ಸತ್ತೋದ್ವಾ?" ಎಂದವಳು ನಾಲಿಗೆ ಕಚ್ಚಿಕೊಂಡಳು.

ಇನ್ನೊಬ್ಬ ಶಿಷ್ಯ ಪರ್ವಿಸ್ ತಾನು ಓಡಿಸುತ್ತಿದ್ದ ಬಸ್ಸು ನಿಲ್ಲಿಸಿ, ಸೀಟಿನಡಿಯಿಂದ ತುತ್ತೂರಿ ತೆಗೆದ. ಪ್ರಯಾಣಿಕರು ಗೊಣಗದೆ ಇಳಿದು ಟೋಪಿ ತೆಗೆದು ನಡೆದರು. ಬೀದಿ ಬೀದಿಯಲ್ಲೂ ಹಳೆಯ ಶಿಷ್ಯರು ಸೇರಿಕೊಂಡರು. ಶವಯಾತ್ರೆಯಲ್ಲಿ ಬೇಗ ನಡೆಯುವಂತಿಲ್ಲ. ಮೇಷ್ಟ್ರು ಮದುವಣಗಿತ್ತಿಯ ಹಾಗೆ ಹೆಜ್ಜೆ ಹೆಜ್ಜೆಗೂ ನಿಂತು ನಡೆಯಬೇಕಾಯಿತು. ಕಛೇರಿಯ ಹೊತ್ತು ಮೀರುತ್ತಿತ್ತು.

ಮೆರವಣಿಗೆಯ ಬಾಲದಲ್ಲಿದ್ದವರಿಗೆ ತಲೆಯಲ್ಲಿದ್ದ ಮೇಷ್ಟ್ರು ಕಾಣುತ್ತಿರಲಿಲ್ಲ.

"ಯಾರು ಹೋದ್ರಂತೆ?"

"ಗೊತ್ತಿಲ್ಲ ಕಣೇ. ಆದ್ರೆ ನುಡಿಸೋರ್ನ ನೋಡು, ಎಲ್ಲಾ ಗಿಡ್ರಿ ಮೇಷ್ಟ್ರ ಶಿಷ್ಯರೇ."

"ಅಯ್ಯೋ, ಹಾಗಿದ್ರೆ ಮೇಷ್ಟ್ರೇ!"

"ಇನ್ಯಾರಿಗೆ ಹಿಂಗೆ ಬರ್ತಾರೆ? ಹಸಿವಿಲ್ಲ ಅಂತ ಸುಳ್ಳು ಹೇಳಿ ತಮ್ಮ ಊಟಾನ ನನ್ ಮಗಂಗೆ ತಿನ್ನಿಸ್ತಿದ್ರು, ಪುಣ್ಯಾತ್ಮ."

ಆಕೆ ಅಳುತ್ತಲೇ ಸಭಾಂಗಣಕ್ಕೆ ಫೋನು ಮಾಡಿದಳು.

ಮೇಷ್ಟ್ರು ಬಂದು ತಲುಪಿದಾಗ ಅವರ ಹೆಸರಿನ ಫಲಕಕ್ಕೆ ಕಪ್ಪು ಬಟ್ಟೆ ಹೊದಿಸಿತ್ತು. ಬಾಗಿಲಲ್ಲಿ ನಿಂತು ಅಳುತ್ತಿದ್ದ ವ್ಯವಸ್ಥಾಪಕ ಹರ್ಮನ್, ಮೇಷ್ಟ್ರನ್ನು ಕಂಡು ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಸರ್! ನೀವು ಹೋಗ್ಬಿಟ್ರಿ ಅಂತ ಫೋನ್ ಬಂತು!"

"ಬರೋದು ತಡ ಆಯ್ತು, ಅಷ್ಟೇ. ಜನ ಬಂದಿದಾರಾ?"

"ತುಂಬಿಹೋಗಿದಾರೆ. ಆದ್ರೆ ಕಛೇರಿ ರದ್ದು ಮಾಡಿ ನಿಮ್ ತಿಥಿ ಊಟ ಇಟ್ಬಿಟ್ಟಿದೀವಿ."

ಯಾರೂ ಸತ್ತಿಲ್ಲವೆಂಬ ಸುದ್ದಿ ಹಬ್ಬಿತು. ಕೆಲವರು ಅತ್ತರು, ಕೆಲವರು ನಕ್ಕರು, ಎಲ್ಲರೂ ಮೇಷ್ಟ್ರನ್ನು ಅಪ್ಪಿಕೊಂಡರು. ಒಡೀಲಜ್ಜಿ ಮಾತ್ರ ಕೊಡೆಯಿಂದ ಒಂದೇಟು ಕೊಟ್ಟರು. "ಬದುಕಿದೀನಿ ಅಂತ ಒಂದ್ ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಒಳಗೆ ಕುರ್ಚಿಗಳೆಲ್ಲ ಭರ್ತಿ. ವೇದಿಕೆಯ ಮೇಲೆ ಕರಿದ ಕೋಳಿ, ಗುಂಬೋ ಸಾರಿನ ಹಂಡೆ. ಅಷ್ಟು ಜನರನ್ನು ನೋಡಿ ಮೇಷ್ಟ್ರ ಎದೆ ತುಂಬಿಬಂತು. ವೇದಿಕೆಯತ್ತ ನಡೆದರು.

"ಎಲ್ರೂ ಬಂದಿದೀರಲ್ಲ, ಸಂತೋಷ. ಈಗ ನಾನು ನುಡಿಸ್ತೀನಿ."

ಡೆಲ್ಫಿನ್ ಮೆಲ್ಲಗೆ ಅವರ ಕೈಯಿಂದ ಸ್ಯಾಕ್ಸೊಫೋನ್ ತೆಗೆದುಕೊಂಡಳು.

"ಅದು ಹೇಗೆ ಸರ್? ಯಾರ ತಿಥಿನೋ ಅವರೇ ನುಡಿಸೋದು ಎಲ್ಲಾದ್ರೂ ಉಂಟಾ?"

"ನಾನು ಸತ್ತೇ ಇಲ್ವಲ್ಲಮ್ಮಾ!"

"ಅಡುಗೆ ಆಗಿದೆ, ಅತ್ತಿದ್ದೂ ಆಗಿದೆ. ಈಗ ವಾಪಸ್ ತಗೊಳೋಕಾಗತ್ತಾ? ನೀವು ಕೂತ್ಕೊಳಿ. ಇವತ್ತು ನಿಮಗೋಸ್ಕರ ನಾವು ನುಡಿಸ್ತೀವಿ."

ಮೇಷ್ಟ್ರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ತೊಡೆಯ ಮೇಲೆ ತಟ್ಟೆ ಇಟ್ಟರು. ಹಂಡೆಗಳನ್ನು ಅತ್ತ ಸರಿಸಿ ಶಿಷ್ಯರು ವೇದಿಕೆ ಹತ್ತಿದರು. ಪ್ರೀತಿಯ ಭರದಲ್ಲಿ ಪರ್ವಿಸನ ತುತ್ತೂರಿ ತಾಳಕ್ಕೆ ಮೊದಲೇ ನುಗ್ಗಿತು. ಮೇಷ್ಟ್ರ ತೋರುಬೆರಳು ತಾನಾಗಿಯೇ ಮೇಲೆದ್ದಿತು.

ಪಕ್ಕದಲ್ಲಿದ್ದ ಒಡೀಲಜ್ಜಿ ಆ ಬೆರಳನ್ನು ಮೆತ್ತಗೆ ಮಡಿಸಿ, ತಟ್ಟೆಗೆ ಇನ್ನೊಂದು ಕೋಳಿ ತುಂಡು ಹಾಕಿದರು.

"ಸುಮ್ನೆ ಕೂತು ತಿನ್ನು, ಆಂಬ್ರೋಸ್. ಸತ್ತೋರು ತಪ್ಪು ತಿದ್ದಬಾರ್ದು."