ನೀರು ಬಿಟ್ಟರೆ ಬೈಯುವ ನಮ್ಮ ಭಾವ

ನೀರು ಬರಲಿಲ್ಲವೆಂದು ಸಿಟ್ಟಾಗದ ಗಂಡಸು ಮಂಡ್ಯ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನಾಲೆಗೆ ನೀರು ಬಿಡದಿದ್ದರೆ ನಮ್ಮವರು ರಸ್ತೆಯಲ್ಲಿ ಕೂರುತ್ತಾರೆ, ಅಲ್ಲೇ ಕಲ್ಲು ಹೂಡಿ ಅಡುಗೆ ಮಾಡಿ ಉಣ್ಣುತ್ತಾರೆ. ಆದರೆ ಗದ್ದೆಗೆ ನೀರು ಬಂದುಬಿಟ್ಟಿತಲ್ಲ ಎಂದು ಗುದ್ದಲಿ ಹಿಡಿದು ಊರೆಲ್ಲ ಬೈದುಕೊಂಡು ಬಂದ ಮನುಷ್ಯನನ್ನು ಎಲ್ಲಾದರೂ ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ನೋಡುವುದೇನು ಬಂತು, ಮುದ್ದೆ ಇಕ್ಕುತ್ತೇನೆ! ಅವರು ನನ್ನ ಗಂಡನ ಅಣ್ಣ, ನಮ್ಮ ಭಾವ.

ಭಾವನಿಗೆ ಸಿಟ್ಟೆಂಬುದು ಸ್ವಭಾವವಲ್ಲ, ಕಸುಬು. ಕಾಫಿ ಬಿಸಿಯಿದ್ದರೆ ನಾಲಿಗೆ ಸುಡಿಸಿದೆನೆಂದು ನನಗೆ ಬೈಗುಳ, ಆರಿದ್ದರೆ ಮರೆತೆನೆಂದು ಬೈಗುಳ. ಬಸ್ಸು ತಡವಾದರೆ ಡ್ರೈವರಿಗೆ ಬೈಯುತ್ತಾರೆ, ಹೊತ್ತಿಗೆ ಸರಿಯಾಗಿ ಬಂದರೆ ತನ್ನನ್ನು ಓಡಿಸಿತೆಂದು ಬಸ್ಸಿಗೇ ಬೈಯುತ್ತಾರೆ. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚೆಂದು ತಟ್ಟೆ ಮುಂದಿರುವಾಗಲೇ ಹೇಳಿದರಂತೆ. ಉಪ್ಪು ಹಾಕಿದವರು ಹುಡುಗಿಯ ತಂದೆಯಂತೆ! ಇನ್ನು ಮದುವೆ ಎಲ್ಲಿಂದ ಬಂತು?

ಇಂಥವರು ಹವಾಮಾನ ಬದಲಾವಣೆಯ ಸಂಶೋಧನೆಗೆ ಸ್ವಯಂಸೇವಕರಾದರು ಎಂದರೆ ನೀವು ನಂಬುವುದಿಲ್ಲ. ಅದಕ್ಕೂ ಕಾರಣ ಸಿಟ್ಟೇ ಎಂದರೆ ನಂಬುತ್ತೀರಿ.

ಒಂದು ಬೆಳಿಗ್ಗೆ ನಮ್ಮೂರು ಹೊಳಲಿನ ಹಾಲಿನ ಡೇರಿಯ ಮುಂದೆ ಒಬ್ಬ ಹುಡುಗಿ ಸ್ಕೂಟರ್ ನಿಲ್ಲಿಸಿದಳು. ಹೆಸರು ಸವಿತಾ, ಮಳವಳ್ಳಿ ಕಡೆಯ ಪೂರಿಗಾಲಿಯವಳು. ಎಂ.ಎಸ್ಸಿ. ಓದಿ ಯಾವುದೋ ಸಂಶೋಧನಾ ಯೋಜನೆಯಲ್ಲಿ ಗುತ್ತಿಗೆಯ ಕೆಲಸದಲ್ಲಿದ್ದಳು. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಕೆಳಗಿನ ಮಣ್ಣಿಗೆ ಉಸಿರಾಡಲು ಗಾಳಿ ಸಿಗದೆ ಮೀಥೇನ್ ಎಂಬ ಅನಿಲ ಏಳುತ್ತದೆ, ಅದು ಮೇಲೆ ಹೋಗಿ ಭೂಮಿಯ ಸೆಕೆ ಹೆಚ್ಚಿಸುತ್ತದೆ, ನಡುನಡುವೆ ಗದ್ದೆ ಆರಲು ಬಿಟ್ಟರೆ ಅದು ಎಷ್ಟು ಇಳಿಯುತ್ತದೆಂದು ನಮ್ಮ ಮಣ್ಣಿನಲ್ಲೇ ಅಳೆದು ನೋಡಬೇಕು, ಒಂದು ಬೆಳೆಯ ಮಟ್ಟಿಗೆ ಯಾರಾದರೂ ಒಂದು ತುಂಡು ಗದ್ದೆ ಕೊಡಿ ಎಂದು ಕೇಳಿದಳು. ನಮ್ಮ ಗದ್ದೆಯ ಕೆಳಗಿನ ಗದ್ದೆಯ ಪುಟ್ಟಸ್ವಾಮಿ ಹಾಲಿನ ಕ್ಯಾನಿನ ಮೇಲೆ ಕೂತವನು ಬಾಯಿ ಬಿಟ್ಟ.

"ಗಾಳಿ ಅಳ್ಯಕ್ಕೆ ಬಂದವ್ಳೆ ಕಣ್ರಲಾ. ಮುಂದಿನ್ ಸತಿ ಬಿಸ್ಲು ತೂಗಕ್ಕೆ ಬತ್ತಾಳೆ."

ಎಲ್ಲರೂ ನಕ್ಕರು. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಸ್ಕೂಟರಿನತ್ತ ತಿರುಗಿದಳು. ಅತ್ತ ಹಾಲಿನ ಅಳತೆಯ ವಿಷಯಕ್ಕೆ ಡೇರಿಯವನಿಗೆ ಬೈಯುತ್ತಿದ್ದ ಭಾವ ಅದನ್ನು ಅರ್ಧಕ್ಕೇ ಬಿಟ್ಟು ಇತ್ತ ತಿರುಗಿದರು. "ನನ್ ಗದ್ದೆ ತಕಳವ್ವ. ಗಾಳಿನೂ ಅಳಿ, ಇವ್ರು ಎಷ್ಟು ಅಲ್ಲು ಕಿರೀತಾರೆ ಅದ್ನೂ ಅಳಿ."

ಅದೇ ನೇಮಕಾತಿ ಆದೇಶ! ಸಂಬಳವಿಲ್ಲ, ಬಿಡಿ. ಒಂದು ಟೋಪಿ, ಒಂದು ಅಂಗಿ ಕೊಟ್ಟರು. ಅಂಗಿ ಭಾವನ ಹೊಟ್ಟೆಗೆ ಸಾಲದೆ ಗದ್ದೆಯ ಬೆದರುಬೊಂಬೆಗೆ ಹೋಯಿತು. ನಮ್ಮ ಮನೆಯಲ್ಲಿ ಸಮವಸ್ತ್ರ ತೊಟ್ಟ ಸ್ವಯಂಸೇವಕ ಅದೊಂದೇ.

ಗದ್ದೆಯನ್ನು ಎರಡು ಭಾಗ ಮಾಡಿದರು. ಒಂದರಲ್ಲಿ ನಮ್ಮೂರ ಪದ್ಧತಿಯಂತೆ ನೀರು ನಿಂತೇ ಇರಬೇಕು. ಇನ್ನೊಂದರಲ್ಲಿ ತೂತಿನ ಪೈಪು ಹೂತಿದ್ದರು. ಅದರೊಳಗಿನ ನೀರು ಒಂದು ಗೇಣು ಇಳಿಯುವ ತನಕ ತೊಟ್ಟು ನೀರೂ ಬಿಡಬಾರದು. ಸವಿತಾ ಬಂದು ಪೈರಿನ ಮೇಲೆ ಗಾಜಿನಂಥ ಪೆಟ್ಟಿಗೆ ಮುಚ್ಚಿ, ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಪುಟ್ಟ ಪುಟ್ಟ ಸೀಸೆಗಳಿಗೆ ತುಂಬಿ ಮಂಡ್ಯಕ್ಕೆ ಒಯ್ಯುತ್ತಿದ್ದಳು.

ಒಂದು ದಿನ ಜೋರು ಮಳೆ ಹಿಡಿಯಿತು. ಸ್ಕೂಟರಿನಲ್ಲಿ ಒಯ್ದರೆ ಒಡೆದಾವೆಂದು ಸೀಸೆಗಳನ್ನು ನಮ್ಮ ಮನೆಯಲ್ಲೇ ಇಟ್ಟು ಬಸ್ಸಿಗೆ ಹೋದಳು. ಮಾರನೆಯ ಬೆಳಿಗ್ಗೆ ನಮ್ಮತ್ತೆ ನೋಡುತ್ತಾರೆ, ಅಟ್ಟಣಿಗೆಯಲ್ಲಿ ಸಾಲಾಗಿ ಖಾಲಿ ಸೀಸೆಗಳು! ಎಷ್ಟು ಮುದ್ದಾದ ಸೀಸೆಗಳು! ಒಂದೊಂದರ ಮುಚ್ಚಳವನ್ನೂ ಕತ್ತರಿಯಿಂದ ಎಬ್ಬಿಸಿ, ಬೂದಿ ಹಾಕಿ ಬೆಳಗಿ, ತುಳಸಿಕಟ್ಟೆಯ ಮೇಲೆ ಬೋರಲು ಹಾಕಿದರು. ಊರಿನ ಬಾಣಂತಿಯರಿಗೆಲ್ಲ ಹರಳೆಣ್ಣೆ ಹಂಚಲು ಆಯಿತೆಂಬ ಸಂತೋಷ ಅವರಿಗೆ. ಭಾವ ಬಂದರು, ನೋಡಿದರು. ಅಂದು ಅವರು ಆಡಿದ್ದನ್ನು ಬರೆಯಲಾರೆ, ಇದನ್ನು ಮಕ್ಕಳೂ ಓದುತ್ತಾರೆ. ಅತ್ತೆ ಮಾತ್ರ ಅಲುಗಲಿಲ್ಲ. "ಒಳ್ಗೆ ಏನಿತ್ಲಾ ಚೆಲ್ಲೋಗಕ್ಕೆ? ಗಾಳಿ ತಾನೆ? ಊರ್ ತುಂಬ ಅದೆ, ಇಡ್ಕೊಂಡು ಬಾ ಓಗು." ಸವಿತಾ ಬಂದು ಬೋರಲು ಬಿದ್ದಿದ್ದ ಸೀಸೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಮತ್ತೆ ಗದ್ದೆಗಿಳಿದು ಹೊಸದಾಗಿ ತುಂಬಿಕೊಂಡಳು. ಅಂದಿನಿಂದ ಅವಳು ನಮ್ಮ ಮನೆಯವಳೇ ಆದಳು.

ಅವಳ ಮನೆಯಲ್ಲಿ ಬೇರೆಯದೇ ಕಾಟ. ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ಏನು ಕೆಲಸದಲ್ಲಿದ್ದಾಳೆಂದು ಕೇಳುತ್ತಿದ್ದರು. ಗದ್ದೆಯ ಗಾಳಿ ಹಿಡಿಯುತ್ತಾಳೆ ಎಂದರೆ ಕಾಫಿ ಲೋಟ ಕೆಳಗಿಟ್ಟು ಎದ್ದೇ ಬಿಡುತ್ತಿದ್ದರು. ಒಮ್ಮೆ ನಾನೂ ಭಾವನೂ ಅಲ್ಲಿಗೆ ಹೋದಾಗಲೇ ಮದ್ದೂರಿನಿಂದ ಒಂದು ಕಡೆಯವರು ಬಂದಿದ್ದರು. ಹುಡುಗನ ಸೋದರಮಾವ ಕೆಲಸ ಪರ್ಮನೆಂಟಾ ಎಂದು ಕೇಳಿದ. ಸವಿತಾಳ ತಾಯಿ ತಲೆ ತಗ್ಗಿಸಿದರು. ನಾನು ಭಾವನ ಪಂಚೆಯ ಅಂಚು ಹಿಡಿದು ಎಳೆದೆ. ಎಳೆದರೆ ನಿಲ್ಲುವ ಪೈಕಿಯೇ ಅವರು?

"ಭೂಮಿ ಇರಗಂಟ ಪರ್ಮನೆಂಟು. ನಿಮ್ ಉಡ್ಗುನ್ದು?"

ಹುಡುಗ ಶೋರೂಮಿನಲ್ಲಿ ಬೈಕು ಮಾರುತ್ತಿದ್ದನಂತೆ. ಸಂಬಂಧ ಮುರಿಯಿತು. ಸವಿತಾ ಮಾತ್ರ ಒಳಗಿನಿಂದ ಭಾವನಿಗೆ ಇನ್ನೊಂದು ಹೋಳಿಗೆ ತಂದು ಹಾಕಿದಳು.

ನಗುತ್ತಿದ್ದೀರಿ, ನಗಿ. ನನಗೆ ಸಿಟ್ಟು ಬರುತ್ತದೆ. ಗಾಳಿ, ನೀರು, ಮಣ್ಣು ಕೆಟ್ಟವೆಂದು ದಿನಾ ಗೊಣಗುತ್ತೇವೆ. ಎಷ್ಟು ಕೆಟ್ಟಿವೆ ಎಂದು ಕೆಸರಿನಲ್ಲಿ ನಿಂತು ನೋಡುವ ಹುಡುಗಿಗೆ ಮಾತ್ರ ವರ್ಷ ವರ್ಷವೂ ನಾಳೆ ಕೆಲಸ ಉಂಟೋ ಇಲ್ಲವೋ ಎಂಬ ಗುತ್ತಿಗೆ. ಗದ್ದೆ ಕೊಟ್ಟವನಿಗೆ ಒಂದು ಟೋಪಿ!

ಇನ್ನು ನೀರಿನ ಕಥೆ. ನಮ್ಮ ಕಡೆ ಒಂದು ವಾಡಿಕೆ ಇದೆ. ನಾಲೆಯಲ್ಲಿ ನೀರು ಹರಿಯುತ್ತಿರುವಾಗ ಯಾರದಾದರೂ ಗದ್ದೆ ಒಣಗಿದ್ದು ಕಂಡರೆ, ದಾರಿಯಲ್ಲಿ ಹೋಗುವವರು ಕಾಲಿನಿಂದಲೇ ಬದುವಿನ ಮಣ್ಣು ಸರಿಸಿ ನೀರು ತಿರುಗಿಸಿ ಹೋಗುತ್ತಾರೆ. ಕೇಳುವುದೂ ಇಲ್ಲ, ಆಮೇಲೆ ಹೇಳುವುದೂ ಇಲ್ಲ. ಜಗಳವಾಡಿ ಮಾತು ಬಿಟ್ಟವರ ಗದ್ದೆಗೂ ಬಿಡುತ್ತಾರೆ. ಈ ಒಳ್ಳೆಯತನ ನಮ್ಮ ಭಾವನ ಪಾಲಿಗೆ ಶನಿಯಾಯಿತು! ಒಣ ಭಾಗ ಕೂದಲೆಳೆಯಷ್ಟು ಬಿರುಕು ಬಿಟ್ಟಿತೋ ಇಲ್ಲವೋ, ಯಾರೋ ಪುಣ್ಯಾತ್ಮರು ನೀರು ಬಿಟ್ಟಿರುತ್ತಿದ್ದರು. ನೀರು ಬಿಡಬೇಡಿ ಎಂದು ಭಾವ ಬೋರ್ಡು ಹಾಕಿದರು. ಓದಿದವರು ಪಾಪ, ತಲೆ ಕೆಟ್ಟಿದೆಯೆಂದು ಮರುಗಿ ಮತ್ತೆ ನೀರು ಬಿಟ್ಟರು. ಪುಟ್ಟಸ್ವಾಮಿಯನ್ನು ನೀರು ಬಿಡುತ್ತಿರುವಾಗಲೇ ಹಿಡಿದಾಗ ಅವನು ನೊಂದುಕೊಂಡ.

"ಇಸ ಆಕಿದ್ನೇನಣ್ಣ? ನೀರ್ ಬುಟ್ರೆ ಬಯ್ಯೋನ್ನ ನಾನು ಎಲ್ಲೂ ಕಾಣ್ನಿಲ್ಲ."

ಕಡೆಗೆ ಭಾವ ಕೊಡೆ ಹಿಡಿದು ಬದುವಿನ ಮೇಲೇ ಠಿಕಾಣಿ ಹೂಡಿದರು. ಊಟ, ಕಾಫಿ, ಎಲೆಯಡಿಕೆ ಎಲ್ಲವನ್ನೂ ಅಲ್ಲಿಗೇ ಹೊತ್ತೆ. ಹೊತ್ತವಳಿಗೂ ಒಂದು ಟೋಪಿ ಕೊಡಬಹುದಿತ್ತು. ಪೈರು ಹೊಡೆಗೆ ಬಂದು ತೆನೆ ಒಳಗೇ ಉಬ್ಬುವ ಹೊತ್ತಿಗೆ ಇನ್ನೊಂದೇ ಒಂದು ಸಲ ಆರಿಸಿ ಅಳೆಯುವುದು ಬಾಕಿಯಿತ್ತು. ಅದಾದರೆ ಸವಿತಾಳ ಕೆಲಸ ಪೂರ್ತಿ. ಅವಳ ಗುತ್ತಿಗೆ ಮುಂದುವರಿಸುವುದೂ ಅದರ ಮೇಲೆಯೇ ನಿಂತಿತ್ತು.

ಆಗಲೇ ಯೋಜನೆಯ ದೊಡ್ಡ ಸಾಹೇಬರು ಅತಿಥಿಗಳನ್ನು ಕರೆದುಕೊಂಡು ಗದ್ದೆ ನೋಡಲು ಬರುತ್ತಾರೆಂದು ಫೋನು ಬಂತು. ನಾನು ಮುದ್ದೆ, ಬಸ್ಸಾರು, ಹೆಸರುಕಾಳಿನ ಪಲ್ಯ ಮಾಡಿದೆ. ಭಾವ ಮೊದಲ ಸಲ ಬದುವಿನಿಂದೆದ್ದು ಮನೆಗೆ ಬಂದು ಗಡ್ಡ ಹೆರೆದುಕೊಂಡು ಬಿಳಿ ಅಂಗಿ ತೊಟ್ಟರು. ತಿರುಗಿ ಹೋಗುವಷ್ಟರಲ್ಲಿ ಒಣ ಭಾಗದಲ್ಲಿ ನೀರು ತಳತಳ ಹೊಳೆಯುತ್ತಿತ್ತು.

ಬಿಟ್ಟವರು ಊರಿನವರಲ್ಲ. ಮುಂಚೆಯೇ ಬಂದಿದ್ದ ಸಾಹೇಬರ ಕಡೆಯವರು! ಬಿರುಕು ಬಿಟ್ಟ ಗದ್ದೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ನೀರು ಬಿಡದೆ ಇರುವುದನ್ನು ನೋಡಲು ಬಂದವರು ನೀರು ಬಿಟ್ಟು ನೋಡಿದರು! ಅತಿಥಿಗಳು ಬದುವಿನ ಮೇಲೆ ನಿಂತರು, ಫೋಟೋ ತೆಗೆಸಿಕೊಂಡರು, ತಾವೇ ತಂದಿದ್ದ ಬಾಟಲಿಯ ನೀರು ಕುಡಿದರು, ಕಾರು ಹತ್ತಿದರು. ನನ್ನ ಬಸ್ಸಾರನ್ನು ಕೇಳುವವರಿಲ್ಲ. ಅವರ ಜೊತೆಗೇ ಕಾರಿನಲ್ಲಿ ಬಂದಿದ್ದ ಸವಿತಾ ಸಾಹೇಬರ ಹತ್ತಿರ ಏನೋ ಹೇಳಹೋದಳು. ಆಮೇಲೆ ಮಾತಾಡೋಣ ಎಂದು ಅವರು ಕಾರಿನ ಗಾಜು ಏರಿಸಿಕೊಂಡರು. ಕರೆತಂದವಳನ್ನು ಬದುವಿನ ಮೇಲೇ ಬಿಟ್ಟು ಕಾರು ಹೊರಟುಹೋಯಿತು.

ಭಾವ ಬೈಯಲಿಲ್ಲ. ನನಗೆ ಭಯವಾಯಿತು.

ಅಷ್ಟರಲ್ಲಿ ಪುಟ್ಟಸ್ವಾಮಿ ಓಡಿ ಬಂದು, ಮಕ್ಕಳಾಣೆಗೂ ತಾನು ಬಿಟ್ಟಿಲ್ಲವೆಂದ. ಗೊತ್ತು ಕಣ್ಲಾ ಎಂದರು ಭಾವ, ಮೆಲ್ಲಗೆ. ನೀರು ಬಸಿಯಬೇಕಾದರೆ ಕೆಳಗಿನ ಅವನ ಗದ್ದೆಗೇ ಹರಿಯಬೇಕು. ಅವನು ಹಿಂದಿನ ದಿನವಷ್ಟೇ ಯೂರಿಯಾ ಎರಚಿದ್ದ. ನೀರು ನುಗ್ಗಿದರೆ ಅಷ್ಟೂ ಕೊಚ್ಚಿ ಹೋಗುತ್ತದೆ. ಪುಟ್ಟಸ್ವಾಮಿ ಗುದ್ದಲಿ ಕಸಿದುಕೊಂಡು ತಾನೇ ಬದು ಕಡಿದ. "ಓಗ್ಲಿ ಬುಡು," ಎಂದ, ಅಷ್ಟೇ.

ಸಂಜೆಯ ಹೊತ್ತಿಗೆ ನೀರು ಇಳಿಯಿತು. ಆದರೆ ಆ ದಿನ ನೀರು ಬಿಟ್ಟವರು ಯಾರೆಂದು ಸವಿತಾ ಫೋನಿನಲ್ಲಿ ದಾಖಲಿಸಿ ಕಳಿಸಲೇಬೇಕು. ನಿಜ ಬರೆದರೆ ಸಾಹೇಬರ ಕಣ್ಣು ಕೆಂಪಾಗುತ್ತದೆ, ಅವಳ ಗುತ್ತಿಗೆ ಇರುವುದು ಅವರ ಕೈಯಲ್ಲಿ. ಬರೆಯದಿದ್ದರೆ ಇಡೀ ಬೆಳೆಯ ಅಳತೆಯೇ ಸುಳ್ಳು. ಬದುವಿನ ಮೇಲೆ ಕೂತು ಫೋನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿನದು. ಭಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ನಾನೇ ಬುಟ್ಟೆ ಅಂತ ಬರ್ಕೊ ಮಗ. ಕ್ವಾಪ ಬಂದು ಬುಟ್ಟ ಅನ್ನು. ನನ್ ಇಸ್ಯದಲ್ಲಿ ಯಾರ್ ಬೇಕಾರೂ ನಂಬ್ತಾರೆ."

ಆ ನೀರು ಬಿಡಬೇಡಿರೆಂದು ಊರನ್ನೆಲ್ಲ ಎದುರು ಹಾಕಿಕೊಂಡ ಮನುಷ್ಯ! ಸವಿತಾ ತಲೆಯೆತ್ತಿ ಅವರನ್ನು ನೋಡಿದಳು.

"ನಿಮ್ ಎಸ್ರು ಕೆಡ್ಸಿ ಉಳಿಸ್ಕೊಳೋ ಕೆಲ್ಸ ನಂಗ್ ಬ್ಯಾಡ ದೊಡ್ಡಪ್ಪ."

ಇದ್ದದ್ದನ್ನು ಇದ್ದಂತೆ ಬರೆದಳು. ಕಳಿಸಿಯೂ ಬಿಟ್ಟಳು. ಆಮೇಲೆ ಫೋನನ್ನು ಮಡಿಲಲ್ಲಿಟ್ಟು ಮುಖ ಮುಚ್ಚಿಕೊಂಡಳು.

ಭಾವ ಎದ್ದರು. ಕೆಸರಿನಲ್ಲಿ ಹೂತಿದ್ದ ಅವಳ ಚಪ್ಪಲಿಗಳನ್ನು ಕಿತ್ತು ನಾಲೆಗೆ ಒಯ್ದು, ಹುಲ್ಲಿನಿಂದ ಉಜ್ಜಿ ಉಜ್ಜಿ ತೊಳೆದು, ತಮ್ಮ ಬಿಳಿ ಅಂಗಿಯ ತುದಿಯಲ್ಲಿ ಒರೆಸಿ ತಂದು ಅವಳ ಕಾಲ ಬಳಿ ಇಟ್ಟರು.

"ನಡಿ ಮಗ, ಕತ್ಲಾಯ್ತದೆ. ಸಾಯೇಬ್ರು ಕರುದ್ರೆ ನಾನೂ ಬತ್ತೀನಿ. ಬಯ್ಯಾಕಿಲ್ಲ. ನಿನ್ ಪಕ್ದಲ್ಲಿ ಸುಮ್ಕೆ ಕೂತಿರ್ತೀನಿ."