ದಿವಂಗತ ತಂದೆಯ ಪಾತ್ರದಲ್ಲಿ ನವನಟ

ಹಿಂದಿ ಚಿತ್ರರಂಗದ ನಟ ಹಾಗೂ ನಿರ್ಮಾಪಕ ತ್ರಿಲೋಕ್ ಸಭರ್‌ವಾಲ್ ಅವರು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಬಿ.ಎ. ಅಂತಿಮ ವರ್ಷದಲ್ಲಿ ಓದುತ್ತಿದ್ದರು. ಪರದೆಯ ಮೇಲೆ ಆ ವರ್ಷ ಶುರುವಾಗಿ ನಾಲ್ಕು ದಶಕಗಳಾಗಿದ್ದವು. ಚಿತ್ರಸಂಸ್ಥೆ ಅವರದೇ ಆದ್ದರಿಂದ ಅವರನ್ನು ಪಾಸು ಮಾಡಿ ಕಳುಹಿಸುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ.

ಇದರಿಂದ ತೊಂದರೆಯಾದದ್ದು ಅವರ ಒಬ್ಬನೇ ಮಗ ಬಿಟ್ಟೂಗೆ ಮಾತ್ರ. ನಟರ ಮಕ್ಕಳನ್ನು ಮನೆಯ ಸಂಸ್ಥೆಯೇ ನಾಯಕರನ್ನಾಗಿ ಪರಿಚಯಿಸುವುದು ಮುಂಬಯಿಯ ಪದ್ಧತಿ. ಬಿಟ್ಟೂ ಇಪ್ಪತ್ತನೆಯ ವಯಸ್ಸಿಗೇ ಕುದುರೆ ಸವಾರಿ, ಕತ್ತಿವರಸೆ, ಅಳು ಎಲ್ಲವನ್ನೂ ಕಲಿತು ಸಿದ್ಧನಾಗಿದ್ದ. ಪ್ರತಿ ಚಿತ್ರದ ಮುಹೂರ್ತಕ್ಕೂ ಹೊಸ ಕೋಟು ಹೊಲಿಸುತ್ತಿದ್ದ. ಪ್ರತಿ ಸಲವೂ ತಂದೆ ತೆಂಗಿನಕಾಯಿ ಒಡೆದು, ಕಥೆಯನ್ನು ಇನ್ನೊಮ್ಮೆ ಕೇಳಿ, "ಈ ಪಾತ್ರಕ್ಕೆ ಬಿಟ್ಟೂ ಇನ್ನೂ ಚಿಕ್ಕವನು" ಎಂದು ತೀರ್ಪು ಕೊಡುತ್ತಿದ್ದರು. ಪಾತ್ರದ ವಯಸ್ಸು ಹತ್ತೊಂಬತ್ತು.

ಬಿಟ್ಟೂಗೆ ನಲವತ್ತಮೂರಾಯಿತು. ಕಿವಿಯ ಮೇಲೆ ಕೂದಲು ನರೆಯಿತು. ಹಳೆಯ ಕೋಟುಗಳ ಗುಂಡಿ ಹತ್ತದಾಯಿತು.

"ಪಪ್ಪಾಜಿ, ಈ ಸಲವೂ ನಾನು ಪರದೆ ಮೇಲೆ ಬರಲಿಲ್ಲ ಅಂದ್ರೆ ಲುಧಿಯಾನಾಕ್ಕೆ ಹೋಗಿ ಮಾಮನ ಸ್ವೆಟರ್ ಕಾರ್ಖಾನೆ ಸೇರ್ಕೋತೀನಿ."

"ಯಾಕೋ ಬೇಟಾ ಅಷ್ಟು ಅವಸರ? ನನ್ನನ್ನೇ ನೋಡು, ಈಗ ತಾನೇ ಹದಕ್ಕೆ ಬರ್ತಿದ್ದೀನಿ."

ಜುಹೂ ಬಂಗಲೆಯಲ್ಲಿ ಕೂತಿದ್ದ ನಿರ್ದೇಶಕ ಕಪಾಸಿ ಗಂಟಲು ಸರಿಮಾಡಿಕೊಂಡ. "ಒಂದು ಜಾಗ ಖಾಲಿ ಇದೆ ಸರ್‌ಜೀ. ನಾಯಕನ ತಂದೆ. ಮೊದಲಿಂದ ಕೊನೇವರೆಗೂ ಇರ್ತಾರೆ."

"ಮಾತು ಎಷ್ಟಿದೆ?" ಎಂದ ಬಿಟ್ಟೂ.

"ತೀರ್ಕೊಂಡಿದ್ದಾರೆ. ಗೋಡೆ ಮೇಲೆ ಹಾರ ಹಾಕಿದ ಫೋಟೊ."

ತ್ರಿಲೋಕ್ ಅವರ ಕಣ್ಣು ತುಂಬಿತು. "ಬೇರೆ ನಿರ್ಮಾಪಕ ಆಗಿದ್ರೆ ನಿನ್ನನ್ನ ಮೂಲೇಲಿ ತೂಗುಹಾಕ್ತಿದ್ದ ಬೇಟಾ. ನಾನು ಸೋಫಾದ ಮೇಲಿನ ಜಾಗಾನೇ ಕೊಡ್ತೀನಿ."

ಪರಾಠಾ ತಂದ ತಾಯಿ ಸ್ವರ್ಣಾ ತಟ್ಟೆಯನ್ನು ಕುಕ್ಕಿದರು. "ಬದುಕಿರೋ ಮಗನ ಫೋಟೊಗೆ ಹಾರ ಹಾಕ್ತೀರಾ? ನಾಚಿಕೆ ಆಗಲ್ವಾ? ನಿಮ್ಮದೇ ಹಾಕ್ಕೊಳ್ಳಿ!"

"ಪಿಕ್ಚರ್‌ನಲ್ಲಿ ನಾನು ಅವನ ಮಗ ಕಣೇ. ನನ್ನಂಥ ಹುಡುಗನ ಫೋಟೊ ನೋಡಿ ಅಪ್ಪ ಅಂತ ಯಾರು ನಂಬ್ತಾರೆ?"

ವಿಷಯ ಕಲಾವಿದರ ಸಂಘಕ್ಕೆ ಹೋಯಿತು. ಸಂಘ ಕೂಲಂಕಷವಾಗಿ ಪರಿಶೀಲಿಸಿ ಪ್ರಕಟಣೆ ಹೊರಡಿಸಿತು: "ಜೀವಂತ ಕಲಾವಿದರು ದಿವಂಗತರ ಭಾವಚಿತ್ರವಾಗಿ ನಟಿಸುವಾಗ ಹಾರವು ಪ್ಲಾಸ್ಟಿಕ್ಕಿನದಾಗಿರತಕ್ಕದ್ದು. ಸದರಿ ಕಲಾವಿದರು ಚಿತ್ರೀಕರಣಕ್ಕೆ ಖುದ್ದು ಹಾಜರಾಗಿ, ತಾವು ಬದುಕಿರುವುದನ್ನು ಪ್ರತಿ ಶಾಟ್‌ಗೂ ಮೊದಲು ಗಟ್ಟಿಯಾಗಿ ಘೋಷಿಸತಕ್ಕದ್ದು."

ಅದರಂತೆ ಬಿಟ್ಟೂ ದಿನವೂ ಮೇಕಪ್ ಹಾಕಿಕೊಂಡು ತನ್ನ ಫೋಟೊದ ಪಕ್ಕ ನಿಂತು, "ನಾನು ಬದುಕಿದ್ದೇನೆ" ಎನ್ನುತ್ತಿದ್ದ. ಆಮೇಲೆ ಅವನನ್ನು ಪಕ್ಕಕ್ಕೆ ಸರಿಸಿ ಕ್ಯಾಮೆರಾ ಶುರುಮಾಡುತ್ತಿದ್ದರು. ತ್ರಿಲೋಕ್ ಓಡಿಬಂದು, ಫೋಟೊದ ಕೆಳಗೆ ಕುಸಿದು ಗೋಳಾಡುತ್ತಿದ್ದರು: "ಬಾಬೂಜಿ! ನೀವಿದ್ದಿದ್ರೆ ನನ್ನ ಕನಸನ್ನ ಯಾರೂ ಹೀಗೆ ಕಿತ್ಕೊಳ್ತಿರಲಿಲ್ಲ!"

ಬಿಟ್ಟೂ ಕರವಸ್ತ್ರ ಹೊರತೆಗೆಯುತ್ತಿದ್ದ. ಆದರೆ ಅಳು ಅವನ ಪಾತ್ರದಲ್ಲಿ ಇರಲಿಲ್ಲ.

ಚಿತ್ರ ಬಿಡುಗಡೆಯಾಯಿತು. ಇಡೀ ಚಿತ್ರದಲ್ಲಿ ಅತಿಯಾಗಿ ನಟಿಸದವನು ಗೋಡೆಯ ಮೇಲಿನ ನವನಟನೊಬ್ಬನೇ ಎಂದು ಪತ್ರಿಕೆಗಳು ಬರೆದವು. ವರ್ಷದ ಶ್ರೇಷ್ಠ ನವನಟ ಪ್ರಶಸ್ತಿ ಅವನಿಗೇ ಬಂತು. ಬೇರೆ ನಿರ್ಮಾಪಕರು ತಮ್ಮ ತಮ್ಮ ಗೋಡೆಗಳನ್ನು ತೋರಿಸಲು ಸಾಲುಗಟ್ಟಿದರು; ಅವನು ಒಂದಾದ ಮೇಲೊಂದು ಗೋಡೆ ಏರಿದ. ಬೀದಿಯಲ್ಲಿ ಜನ ಅವನನ್ನು ಕಂಡರೆ ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಕೆಲವರು ಎಳ್ಳಷ್ಟೂ ಸಂಕೋಚವಿಲ್ಲದೆ ಸಂತಾಪ ಸೂಚಿಸಿದರು. ಅವನು ಅದನ್ನು ಗಾಂಭೀರ್ಯದಿಂದ ಸ್ವೀಕರಿಸುತ್ತಿದ್ದ. ಲುಧಿಯಾನಾದ ಮಾತು ನಿಂತುಹೋಯಿತು.

ತ್ರಿಲೋಕ್ ಅವರು ಮುಂದಿನ ಚಿತ್ರದ ಕಥೆ ಹಿಡಿದು ಮಗನ ಕೋಣೆಯ ಹೊರಗೆ ಕಾದು ಕೂತರು.

"ಹೇಳಿ ಪಪ್ಪಾಜಿ, ಈ ಅಪ್ಪ ಯಾವುದರಿಂದ ಸತ್ತ?"

"ಹೃದಯಾಘಾತ, ಬೇಟಾ."

"ಆ ಥರದ್ದು ಬೇಕಾದಷ್ಟು ಮಾಡಿಬಿಟ್ಟಿದ್ದೀನಿ. ಗಡಿಯಲ್ಲಿ ಸತ್ತಿದ್ರೆ ನೋಡೋಣ."

ತ್ರಿಲೋಕ್ ಅಲ್ಲೇ ಕಪಾಸಿಗೆ ಫೋನು ಮಾಡಿ ಆ ತಂದೆಯನ್ನು ಸೈನ್ಯಕ್ಕೆ ಸೇರಿಸಿದರು. ಬಚ್ಚಲಲ್ಲಿ ಪ್ಲಾಸ್ಟಿಕ್ ಹಾರಕ್ಕೆ ಸೋಪು ಹಚ್ಚಿ ತೊಳೆಯುತ್ತಿದ್ದ ಸ್ವರ್ಣಾ ಅಲ್ಲಿಂದಲೇ ಕೂಗಿದರು:

"ಕರ್ನಲ್‌ಗಿಂತ ಕೆಳಗೆ ಒಪ್ಕೋಬೇಡ ಕಣೋ!"